ಮಾರ್ಚ್ 31 ಮತ್ತು ಪತ್ತನಾಜೆ

ನಮ್ಮ ಕಾಲೇಜಿನ ವಾಟ್ಸಾಪ್ ಗ್ರೂಪಿಗೆ ವರ್ಷಕ್ಕೊಮ್ಮೆ, ಹೆಚ್ಚಾಗಿ ಕ್ರಿಸ್ಮಸ್ ರಜೆ ಮುಗಿದ ಮೇಲೆ, ಒಂದು ಪಿಡಿಎಫ್ ಬಂದು ಬೀಳ್ತದೆ. ಹೊಸ ರೀತಿಯಲ್ಲಿ ಪಾಠ ಮಾಡುವವರಿಗೆ, ಮಕ್ಕಳನ್ನು ಕೈಯಾರೆ ಕೆಲಸಕ್ಕೆ ಇಳಿಸುವವರಿಗೆ ಗ್ರಾಂಟ್ ಉಂಟು, ಆಸಕ್ತರು ಪ್ರಪೋಸಲ್ ಕಳಿಸಿ, ಕಡೇ ದಿನ ನಾಡಿದ್ದು ಸಂಜೆ ಐದು ಗಂಟೆ. (ಯಾವಾಗಲೂ ನಾಡಿದ್ದೇ. ಆ ಪಿಡಿಎಫ್ ಎಲ್ಲೆಲ್ಲಿ ಮಲಗಿ ಎದ್ದು ಬರ್ತದೋ ದೇವರಿಗೇ ಗೊತ್ತು.) ಒಳಗೆ ಓದಿದ್ರೆ ಮಾತೆಲ್ಲ ಚಂದವೇ. ಎಕ್ಸ್‌ಪೀರಿಯೆನ್ಶಿಯಲ್ ಲರ್ನಿಂಗ್, ಪಾರ್ಟಿಸಿಪೇಟಿವ್ ಲರ್ನಿಂಗ್, ಪ್ರಾಬ್ಲಮ್ ಸಾಲ್ವಿಂಗ್. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ನವರ 2.3.1 ನಂಬ್ರದ ಕಾಲಮ್ಮಿನಲ್ಲಿ ಇರುವ ಅದೇ ಮೂರು, ಕಾಲೇಜಿನಲ್ಲಿ ಕೆಲಸ ಮಾಡುವವರಿಗೆ ಈಗ ಅದು ಬಾಯಿಪಾಠ ಆಗಿಹೋಗಿದೆ. ಕೊನೇ ಪುಟದಲ್ಲಿ ಬಜೆಟ್ಟಿನ ಟೇಬಲ್ ಇರ್ತದೆ: ಎಕ್ವಿಪ್‌ಮೆಂಟ್, ಕನ್ಸ್ಯೂಮೆಬಲ್ಸ್, ಟ್ರಾವೆಲ್, ಕಂಟಿಂಜೆನ್ಸಿ. ನನಗೆ ಮಂಡೆಬೆಚ್ಚ ಶುರುವಾಗುದು ಅಲ್ಲಿಂದ. ಯಾಕಂದ್ರೆ ನನಗೆ ಬೇಕಾದದ್ದು ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಗೆ ಹೋಗಿ ಬರ್ಲಿಕ್ಕೆ ಜೀಪಿನ ಬಾಡಿಗೆ, ಒಬ್ಬ ಅಜ್ಜನ ಒಂದು ದಿನದ ಮಜೂರಿ, ಮತ್ತೆ ಬುಧವಾರ ಮಧ್ಯಾಹ್ನದ ಮೇಲೆ ಯಾರೂ ಕ್ಲಾಸ್ ಇಡದೆ ಬಿಡುವ ಮೂರು ಪೀರಿಯಡ್. ಇದನ್ನು ಯಾವ ಹೆಡ್ಡಿನಲ್ಲಿ ಬರೀಬೇಕು?

ಎಕ್ವಿಪ್‌ಮೆಂಟ್ ಹೆಡ್ಡಿನಲ್ಲಿ ಹಿಂದೊಮ್ಮೆ ಬಂದ ಒಂದು ಡಿಜಿಟಲ್ ಕಿಟ್ ನಮ್ಮ ಲ್ಯಾಬಿನ ಕಪಾಟಿನಲ್ಲಿ ಈಗಲೂ ಥರ್ಮೋಕೋಲಿನ ಒಳಗೇ ಕೂತಿದೆ. ಯಾರದ್ದೂ ಉದಾಸೀನ ಅಂತ ಅಲ್ಲ. ಸ್ಟಾಕ್ ರಿಜಿಸ್ಟರಿನಲ್ಲಿ ಅದಕ್ಕೊಂದು ನಂಬ್ರ ಬಿದ್ದಿದೆ, ಮಕ್ಕಳ ಕೈಗೆ ಕೊಟ್ರೆ ಹಾಳಾಗ್ತದೆ, ಹಾಳಾದ್ರೆ ವರ್ಷಕ್ಕೊಮ್ಮೆ ಸ್ಟಾಕ್ ವೆರಿಫಿಕೇಶನಿಗೆ ಬರುವವರಿಗೆ ಉತ್ತರ ಕೊಡ್ಬೇಕು. ಹಾಗಾಗಿ ಕೈಯಾರೆ ಕಲೀಲಿಕ್ಕೆ ಅಂತ ತಂದ ಸಾಮಾನನ್ನು ಕೈ ತಾಗದ ಹಾಗೆ ಕಾಪಾಡುದೇ ನಮ್ಮ ಡ್ಯೂಟಿ ಆಗಿದೆ. ಕಾಲೇಜುಗಳಿಗೆ ಗ್ರಾಂಟ್ ಕೊಡುವ ಯುಜಿಸಿಯ ಕಾಯ್ದೆ ಆದದ್ದೂ ಕಾಸರಗೋಡು ಕೇರಳಕ್ಕೆ ಸೇರಿದ್ದೂ ಒಂದೇ ವರ್ಷ, 1956. ಎರಡರ ಬಗ್ಗೆಯೂ ನಾವು ಇಲ್ಲಿನವರು ಅವತ್ತಿಂದ ಅರ್ಜಿ ಬರೀತಾನೇ ಇದ್ದೇವೆ, ಇರ್ಲಿ.

ಎಣ್ಮಕಜೆಯ ಗುಡ್ಡೆ

ನಾನು ಕೆಮಿಸ್ಟ್ರಿ ಕಲಿಸುವವಳು. ನೀರಿನ ಗಡಸುತನ ಅಂದ್ರೆ ಹಾರ್ಡ್‌ನೆಸ್ (ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟು ಅಂತ) ನೋಡುದು ನಮ್ಮ ಪ್ರಾಕ್ಟಿಕಲ್ಲಿನಲ್ಲಿ ಮೊದಲಿಂದಲೂ ಉಂಟು. ನೀರನ್ನು ನಾವೇ ತಯಾರು ಮಾಡ್ತೇವೆ, ಡಿಸ್ಟಿಲ್ಡ್ ವಾಟರಿಗೆ ಲೆಕ್ಕ ಹಾಕಿ ಸಾಲ್ಟ್ ಕಲಸಿ "ಅನ್‌ನೋನ್" ಅಂತ ಲೇಬಲ್ ಹಚ್ಚುದು. ಅದು ಅನ್‌ನೋನ್ ಅಂತ ನಂಬಿಕೊಂಡಿರುದು ಲೇಬಲ್ ಮಾತ್ರ. ಮಕ್ಕಳು ಸೀನಿಯರುಗಳ ರೆಕಾರ್ಡ್ ಬುಕ್ಕು ನೋಡಿ ರೀಡಿಂಗ್ ಎಷ್ಟು ಬರ್ಬೇಕು ಅಂತ ತಿಳ್ಕೊಂಡೇ ಬ್ಯೂರೆಟ್ಟಿನ (ಅಳೆದು ಹನಿ ಹನಿಯಾಗಿ ಬಿಡುವ ಗಾಜಿನ ಕೊಳವೆ) ಹತ್ತಿರ ನಿಲ್ತಾರೆ, ಹದಿನಾರು ಬಿಂದು ಎರಡು ಬರ್ಬೇಕಾದಲ್ಲಿ ಹದಿನೇಳು ಬಂದ್ರೆ ಹದಿನಾರು ಬಿಂದು ಮೂರು ಅಂತ ಬರೀತಾರೆ, ನಾವೂ ಟಿಕ್ ಹಾಕ್ತೇವೆ. ಪ್ರಾಮಾಣಿಕತೆಯ ಪ್ರಶ್ನೆ ಅಂತ ನಾನು ಇದನ್ನು ದೊಡ್ಡದು ಮಾಡ್ಲಿಕ್ಕೆ ಹೋಗುದಿಲ್ಲ. ಉತ್ತರ ಯಾರಿಗೋ ಮೊದಲೇ ಗೊತ್ತಿರುವ ಪ್ರಶ್ನೆಗೆ ಮತ್ತೊಮ್ಮೆ ಉತ್ತರ ಹುಡುಕಿ ಅಂದ್ರೆ ಯಾರಾದ್ರೂ ಹಾಗೇ ಮಾಡುದು.

ಹಾಗಾಗಿ ಒಂದು ವರ್ಷ, ಪ್ರಪೋಸಲ್ ಪಾಸಾಗಿ ಸಣ್ಣ ಮೊತ್ತ ಕೈಗೆ ಬಂದಾಗ, ಮಕ್ಕಳನ್ನು ಕರ್ಕೊಂಡು ಎಣ್ಮಕಜೆ ಪಂಚಾಯತಿನ ಒಂದು ತೋಟಕ್ಕೆ ಹೋದದ್ದು. ಸುರಂಗದ ನೀರು ತರುದು ಅಂತ ಲೆಕ್ಕ. ನಮ್ಮ ಕಡೆಯವರಿಗೆ ಸುರಂಗ ಅಂದ್ರೆ ಎಂಥ ಅಂತ ಹೇಳ್ಬೇಕಾಗಿಲ್ಲ, ಆದ್ರೆ ನನ್ನ ಕ್ಲಾಸಿನ ಅರ್ಧ ಮಕ್ಕಳು ಕರಾವಳಿ ಬದಿಯವರು, ಚೆರುವತ್ತೂರಿನ ಹುಡುಗನೊಬ್ಬ ಅದನ್ನು ನೋಡಿದ್ದೇ ಅವತ್ತು. ಮುರಕಲ್ಲಿನ ಗುಡ್ಡೆಗೆ ಅಡ್ಡಕ್ಕೆ ಒಬ್ಬ ಮನುಷ್ಯ ನಿಂತು ಹೋಗುವಷ್ಟು ಅಗಲ ಎತ್ತರಕ್ಕೆ ಕೊರೆದ ಬಿಲ, ನೆಲದಲ್ಲಿ ಪಾದ ಮುಳುಗುವಷ್ಟು ತಣ್ಣಗಿನ ನೀರು ಹರಿದು ಬರ್ತದೆ, ಬಾಯಿಯಲ್ಲಿ ಅಡಿಕೆ ಮರದ ದಂಬೆ ಇಟ್ಟು ಟ್ಯಾಂಕಿಗೆ ಬಿಟ್ಟಿದ್ದಾರೆ. ಪಂಪು ಬೇಡ, ಕರೆಂಟು ಬೇಡ. ಹುಡುಗ ಒಳಗೆ ಹತ್ತು ಹೆಜ್ಜೆ ಹೋಗಿ ಹೆದರಿ ವಾಪಸ್ ಬಂದ, ಬಾವಲಿ ಹಾರಿತಂತೆ.

ಆ ಸುರಂಗವನ್ನು ಕೊರೆದ ಅಜ್ಜ ಅಲ್ಲೇ ಹತ್ತಿರದವರು, ತೋಟದ ಮನೆಯವರು ಅವರನ್ನು ಬರ್ಲಿಕ್ಕೆ ಹೇಳಿದ್ದರು. ಅಜ್ಜ ತುಳು ಬೆರೆಸಿ ಕನ್ನಡ ಮಾತಾಡ್ತಾರೆ, ಇಂಗ್ಲಿಷ್ ಬಿಡಿ, ಮಲಯಾಳವೂ ಅಷ್ಟಕ್ಕಷ್ಟೆ. ಅವರ ಮಾತನ್ನು ಚೆರುವತ್ತೂರಿನವನಿಗೆ, ಪಯ್ಯನ್ನೂರು ಕಡೆಯ ಹುಡುಗಿಯರಿಗೆ ಮಲಯಾಳದಲ್ಲಿ ಹೇಳ್ಲಿಕ್ಕೆ ನಿಂತದ್ದು ಉಪ್ಪಳದ ಬ್ಯಾರಿ ಹುಡುಗಿ, ಅವಳು ಕ್ಲಾಸಿನಲ್ಲಿ ಹಾಜರಿ ಕೂಗಿದಾಗ ಬಿಟ್ರೆ ಬಾಯಿ ಬಿಟ್ಟದ್ದನ್ನು ನಾನು ಕೇಳಿರ್ಲಿಲ್ಲ. ಅವತ್ತು ನೋಡ್ಬೇಕಿತ್ತು. ತುಳು, ಕನ್ನಡ, ಬ್ಯಾರಿ, ಮಲಯಾಳ ಎಲ್ಲ ಅವಳಿಗೆ ಸಲೀಸು, ಅಜ್ಜ ಹೇಳಿದ್ದನ್ನು ಆ ಕಡೆಗೆ ಹೇಳಿ, ಅವರ ಪ್ರಶ್ನೆಯನ್ನು ಈ ಕಡೆಗೆ ತಂದು, ನಡುನಡುವೆ ತನ್ನದೂ ಎರಡು ಪ್ರಶ್ನೆ ಸೇರಿಸಿ, ಒಟ್ರಾಶಿ ಕ್ಲಾಸನ್ನು ಅವಳೇ ತಗೊಂಡ ಹಾಗೆ. ಒಳಗೆ ಗಾಳಿ ಉಂಟಾ ಇಲ್ವಾ ಹೇಗೆ ಗೊತ್ತಾಗುದು ಅಂತ ಕೇಳಿದ್ದಕ್ಕೆ ಅಜ್ಜ, ಕ್ಯಾಂಡಲ್ ಹೊತ್ತಿಸಿ ಇಟ್ಕೊಂಡೇ ಕೊರೆಯುದು, ಉರಿ ಸಣ್ಣ ಆದ್ರೆ ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ ಬರುದು ಅಂದರು. ನೆಲ ಬಾಯಿಯ ಕಡೆಗೆ ಇಳಿಜಾರಾಗಿ ಇರ್ಬೇಕಲ್ಲ, ಲೆವೆಲ್ ಹೇಗೆ ನೋಡಿದ್ದು ಅಂತ ಇನ್ನೊಬ್ಬ ಕೇಳಿದ. ಅಜ್ಜನಿಗೆ ಆ ಪ್ರಶ್ನೆಯೇ ತಮಾಷೆ ಕಂಡಿತು. "ನೀರು ನಿಲ್ತದೋ ಹರೀತದೋ ನೋಡಿದ್ರೆ ಆಯ್ತಲ್ಲ, ಅದಕ್ಕೆ ಎಂಥ ಲೆವೆಲ್ಲು?"

ಮತ್ತೆ ಅವರೇ ನಮ್ಮನ್ನು ಕೇಳಿದರು, ಈಗ ಬಂದು ನೀರು ನೋಡಿ ಎಂಥ ಮಾಡ್ತೀರಿ ಅಂತ. ಫೆಬ್ರವರಿ ತಿಂಗಳು ಅದು. "ಈಗ ಎಲ್ಲ ಸುರಂಗದಲ್ಲೂ ನೀರು ಉಂಟು. ಪತ್ತನಾಜೆ ಹೊತ್ತಿಗೆ ಬನ್ನಿ, ಆಗ ಗೊತ್ತಾಗ್ತದೆ ಯಾವುದು ಎಂಥದ್ದು ಅಂತ." ಪತ್ತನಾಜೆ ಅಂದ್ರೆ ಮೇ ಕೊನೆಗೆ, ಮಳೆಗಾಲದ ಮುಂಚೆ ಬರುವ ತುಳುವರ ವಿಶೇಷ ದಿನ. ಮಕ್ಕಳು ಬಾಲ್ದಿ ಇಟ್ಟು, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು, ನಿಮಿಷಕ್ಕೆ ಎಷ್ಟು ಲೀಟರ್ ಬರ್ತದೆ ಅಂತ ಅಳೆದರು. ಅಜ್ಜ ಬದಿಯಲ್ಲಿ ಕೂತು ಎಲೆ ಹಾಕ್ತಾ ನೋಡಿದರು.

ಹೊರಡುವಾಗ ತೋಟದ ಮನೆಯವರು ಬೆಲ್ಲ ನೀರು ಕೊಟ್ಟು ಒಂದೇ ಮಾತು ಕೇಳಿದ್ದು: ರಿಸಲ್ಟ್ ನಮಗೂ ಹೇಳ್ತೀರಾ? ಎಣ್ಮಕಜೆಯಲ್ಲಿ ಈ ಪ್ರಶ್ನೆಗೆ ತೂಕ ಉಂಟು. ಎಪ್ಪತ್ತರ ದಶಕದ ಕೊನೆಯಿಂದ 2000ದ ವರೆಗೆ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಹೊಡೆದ ಊರು ಇದು. ಅಲ್ಲಿಂದ ಮುಂದೆ ನೀರು, ಮಣ್ಣು, ರಕ್ತ ಅಂತ ಬಾಟ್ಲಿಯಲ್ಲಿ ತುಂಬಿಸಿಕೊಂಡು ಹೋದವರು ಎಷ್ಟು ಜನವೋ, ಹೋದವರೆಲ್ಲ ವಾಪಸ್ ಬಂದು ಹೇಳಿದ್ದಾರಾ ಅಂದ್ರೆ ಇಲ್ಲ ಅಂದರು ಅವರು. ನಮ್ಮ ಟೆಸ್ಟಿನಲ್ಲಿ ಕೀಟನಾಶಕ ಗೊತ್ತಾಗುದಿಲ್ಲ, ಅದಕ್ಕೆ ಬೇರೆಯೇ ಮೆಷಿನ್ ಬೇಕು, ನಾವು ನೋಡುದು ಗಡಸುತನ, ಪಿಎಚ್ (ಏಳಕ್ಕಿಂತ ಕಮ್ಮಿ ಇದ್ರೆ ನೀರು ಹುಳಿ), ಕಬ್ಬಿಣ ಮಾತ್ರ ಅಂತ ನಾನು ಬಿಡಿಸಿ ಹೇಳಿದೆ. ಅಷ್ಟಾದ್ರೂ ಹೇಳಿ ಅಂದರು.

ಒಂದೇ ಎಂಎಲ್

ಮರುದಿನ ಲ್ಯಾಬಿನಲ್ಲಿ ಗಲಾಟೆ. ಕೋನಿಕಲ್ ಫ್ಲಾಸ್ಕಿಗೆ ಐವತ್ತು ಎಂಎಲ್ ಸುರಂಗದ ನೀರು, ಅಮೋನಿಯಾ ಬಫರ್, ಬಣ್ಣ ತೋರಿಸುವ ಇಂಡಿಕೇಟರ್ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಒಂದು ಚಿಟಿಕೆ. ಇದಕ್ಕೆ ಇಡಿಟಿಎ ದ್ರಾವಣ ಬಿಡ್ತಾ ಹೋಗುದು, ಕೆಂಪು ಹೋಗಿ ನೀಲಿ ಬಂದಲ್ಲಿ ನಿಲ್ಲಿಸುದು, ನೀರು ಗಡಸಾದಷ್ಟೂ ಇಡಿಟಿಎ ಹೆಚ್ಚು ಬೇಕು. ಕೆಂಪು ಬಂತು, ಅದೂ ತೆಳು ಕೆಂಪು. ಬ್ಯೂರೆಟ್ಟಿನಿಂದ 0.01 ಮೋಲಾರ್ ಇಡಿಟಿಎ ಬಿಡ್ಲಿಕ್ಕೆ ಶುರು ಮಾಡಿದ್ದಷ್ಟೆ, ಒಂದು ಎಂಎಲ್ ಆಗುವಾಗ ನೀಲಿ! ಹದಿನೈದು ಇಪ್ಪತ್ತು ಎಂಎಲ್ ನೋಡಿ ಅಭ್ಯಾಸ ಆದವರಿಗೆ ಇದು ಹೇಗೆ ಒಪ್ಪಿಗೆ ಆಗ್ತದೆ. ಬಫರ್ ಹಾಳಾಗಿದೆ ಅಂತ ಒಬ್ಬ, ಇಂಡಿಕೇಟರ್ ಹಳತು ಅಂತ ಇನ್ನೊಬ್ಬಳು. ಮತ್ತೆ ಮಾಡಿದರು, ಮತ್ತೆ ಅಷ್ಟೇ. "ಟೀಚರೇ, ರೀಡಿಂಗ್ ಎಷ್ಟು ಬರ್ಬೇಕು?" ಅಂತ ಕೇಳಿದ್ರು. ನನಗೆ ಗೊತ್ತಿಲ್ಲ ಅಂದೆ, ನಿಜಕ್ಕೂ ಗೊತ್ತಿರ್ಲಿಲ್ಲ. ಯಾರ ರೆಕಾರ್ಡ್ ಬುಕ್ಕಿನಲ್ಲೂ ಇರ್ಲಿಲ್ಲ ಅದು. ಸ್ವಲ್ಪ ಹೊತ್ತು ಲ್ಯಾಬಿನಲ್ಲಿ ಯಾರಿಗೂ ಎಂಥ ಮಾಡುದು ಅಂತ ತೋಚದ ಹಾಗೆ ಆಯ್ತು, ಆಮೇಲೆ ಉಪ್ಪಳದವಳು ಸಿಂಕಿನ ಹತ್ತಿರ ಹೋಗಿ ಕಾಲೇಜಿನ ಬೋರ್‌ವೆಲ್ಲಿನ ನೀರು ಹಿಡಿದು ತಂದು ಅದೇ ಬಫರ್ ಅದೇ ಇಂಡಿಕೇಟರ್ ಹಾಕಿ ನೋಡಿದಳು. ಅದು ಎಷ್ಟೋ ಎಂಎಲ್ ಕುಡೀತು. ಅಂದ್ರೆ ಕೆಮಿಕಲ್ಲು ಸರಿಯೇ ಇದೆ, ಸುರಂಗದ ನೀರೇ ಅಷ್ಟು ಮೆತ್ತಗೆ. ಲೆಕ್ಕ ಹಾಕಿದ್ರೆ ಲೀಟರಿಗೆ ಇಪ್ಪತ್ತು ಮಿಲಿಗ್ರಾಂ ಆಸುಪಾಸು, ಕುಡಿಯುವ ನೀರಿಗೆ ಮಾನಕ ಸಂಸ್ಥೆ ಬಿಐಎಸ್ ಹೇಳುವ ಮಿತಿ 200ರ ಹತ್ತನೇ ಒಂದು ಭಾಗ.

ಆಮೇಲಿನದ್ದು ಅವರೇ ಮಾಡಿದರು. ಒಂದು ಎಂಎಲ್ಲಿನಲ್ಲಿ ಒಂದು ಹನಿ ಹೆಚ್ಚು ಕಮ್ಮಿ ಆದ್ರೂ ತಪ್ಪು ದೊಡ್ಡದು, ಹಾಗಾಗಿ ಇಡಿಟಿಎಯನ್ನು ಹತ್ತು ಪಟ್ಟು ತೆಳು ಮಾಡ್ಬೇಕು ಅಂತ ಚೆರುವತ್ತೂರಿನವ ಹೇಳಿದ. ಡೈಲ್ಯೂಶನ್ ಲೆಕ್ಕವನ್ನು ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದು ಉಜ್ಜಿದ್ದೇನೋ, ಅವತ್ತು ಅದು ಅವರಿಗೆ ಬೇಕಾಯ್ತು. ಪಿಎಚ್‌ದು ಇನ್ನೂ ಚಂದದ ಕಥೆ. ಗುಡ್ಡೆಯಲ್ಲಿ ಪೆನ್ನಿನ ಹಾಗೆ ಇರುವ ಅಗ್ಗದ ಮೀಟರ್ ಅದ್ದಿದಾಗ ಬಂದದ್ದು ಆರಕ್ಕಿಂತ ಕಮ್ಮಿ, ಮರುದಿನ ಲ್ಯಾಬಿನ ದೊಡ್ಡ ಮೀಟರಿನಲ್ಲಿ ಆರಕ್ಕಿಂತ ಜಾಸ್ತಿ. ಅಗ್ಗದ ಮೀಟರ್ ಸುಳ್ಳು ಹೇಳ್ತದೆ ಅಂತಲೇ ಎಲ್ಲರ ತೀರ್ಮಾನ ಆಗಿತ್ತು, ಆದ್ರೆ ಅದೇ ಪೆನ್ನನ್ನು ಲ್ಯಾಬಿನ ನೀರಿಗೆ ಅದ್ದಿದ್ರೆ ಅದೂ ಆರಕ್ಕಿಂತ ಜಾಸ್ತಿಯೇ ತೋರಿಸಿತು. ನೆಲದೊಳಗಿನ ನೀರಿನಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ಬಾಟ್ಲಿ ತೆರೆದು ಮುಚ್ಚುವಾಗ ಮೆಲ್ಲ ಹೊರಗೆ ಹೋಗ್ತದೆ, ಹೋದ ಹಾಗೆ ಪಿಎಚ್ ಏರ್ತದೆ. ಪುಸ್ತಕದಲ್ಲಿ ಈಕ್ವಿಲಿಬ್ರಿಯಮ್ ಅಂತ ಒಂದು ಚಾಪ್ಟರೇ ಉಂಟು, ಇವರಿಗೆ ಅದು ಒಂದು ರಾತ್ರಿಯಲ್ಲಿ ಬಾಟ್ಲಿಯೊಳಗೆ ನಡೆದುಹೋಗಿತ್ತು. ಇದರಲ್ಲಿ ಇನ್ನೊಂದು ಪಾಠ ನನಗೆ: ಈ ನೀರಿನ ಪಿಎಚ್ ನೋಡ್ಲಿಕ್ಕೆ ಸ್ಟಾಕ್ ರಿಜಿಸ್ಟರಿನಲ್ಲಿ ನಂಬ್ರ ಇರುವ ದುಬಾರಿ ಮೆಷಿನ್ ಪ್ರಯೋಜನಕ್ಕೆ ಇಲ್ಲ, ಅದು ಲ್ಯಾಬು ಬಿಟ್ಟು ಹೋಗುದಿಲ್ಲ. ಕಿಸೆಯಲ್ಲಿ ಹಾಕಿಕೊಂಡು ಗುಡ್ಡೆ ಹತ್ತುವ ಪೆನ್ನೇ ಬೇಕು.

ಬಿಲ್ಲು

ಇಷ್ಟೆಲ್ಲ ಆದ ಮೇಲೆ ಬಿಲ್ಲು. ಜೀಪಿನವ ಕೊಟ್ಟದ್ದು ನೋಟ್‌ಬುಕ್ಕಿನಿಂದ ಹರಿದ ಕಾಗದ, ಅದರಲ್ಲಿ ಜಿಎಸ್‌ಟಿ ನಂಬ್ರ ಇಲ್ಲ, ಆ ಗುಡ್ಡೆ ರಸ್ತೆಗೆ ಬರುವ ಯಾವ ಜೀಪಿನವನ ಹತ್ತಿರವೂ ಇರುದಿಲ್ಲ. ಟ್ರಾವೆಲ್ ಹೆಡ್ಡು ಅಂದ್ರೆ ಟೀಚರಿನ ಪ್ರಯಾಣ ಭತ್ಯೆ (ಟಿಎ) ಮಾತ್ರ, ಮಕ್ಕಳದ್ದು ಅದರಲ್ಲಿ ಬರುದಿಲ್ಲ ಅಂದರು ಆಫೀಸಿನವರು. ಅಜ್ಜನಿಗೆ ಕೊಟ್ಟ ಮಜೂರಿಯನ್ನು ಎಲ್ಲಿ ಹಾಕುದು? ಮಜೂರಿ ಅಂತ ಹೆಡ್ಡಿಲ್ಲ. ರಿಸೋರ್ಸ್ ಪರ್ಸನ್ ಅಂತ ತೋರಿಸಿದ್ರೆ ಆನರೇರಿಯಂ ಕೊಡ್ಬಹುದು, ಆದ್ರೆ ಅದಕ್ಕೆ ಕ್ವಾಲಿಫಿಕೇಶನ್ ಬರೀಬೇಕು, ಬಯೋಡೇಟಾ ಲಗತ್ತಿಸ್ಬೇಕು. ಸುರಂಗ ಕೊರೆಯುದರಲ್ಲೇ ಆಯುಸ್ಸು ಕಳೆದ ಮನುಷ್ಯನ ಬಯೋಡೇಟಾ! ಫೋಟೋ ಜಿಯೋ ಟ್ಯಾಗ್ ಆಗಿರ್ಬೇಕು ಅನ್ನುದು ಬೇರೆ. ಗುಡ್ಡೆಯ ಹೊಟ್ಟೆಯೊಳಗೆ ಎಲ್ಲಿಯ ಜಿಪಿಎಸ್ ಮಾರಾಯ್ರೆ, ಹಾಗಾಗಿ ಎಲ್ಲರೂ ಹೊರಗೆ ಬಂದು ಸುರಂಗದ ಬಾಯಿಯಲ್ಲಿ ಸಾಲಾಗಿ ನಿಂತು, ಅಕ್ಷಾಂಶ ರೇಖಾಂಶ ಸಮೇತ ಫೋಟೋ ತೆಗೆಸಿಕೊಂಡದ್ದು. ಫೈಲಿನಲ್ಲಿ ಈಗ ಇರುದು ಅದೇ ಫೋಟೋ. ನೋಡಿದವರಿಗೆ ಪಿಕ್‌ನಿಕ್ಕಿಗೆ ಹೋದ ಹಾಗೆ ಕಾಣ್ತದೆ.

ಆಫೀಸಿನವರನ್ನು ಬೈಲಿಕ್ಕೆ ನನಗೆ ಮನಸ್ಸಿಲ್ಲ. ಸಾರ್ವಜನಿಕ ದುಡ್ಡು, ಲೆಕ್ಕ ಬೇಕೇ ಬೇಕು. ದುಡ್ಡು ಖರ್ಚಾದದ್ದಕ್ಕೆ ಕೊಡುವ ಯುಟಿಲೈಸೇಶನ್ ಸರ್ಟಿಫಿಕೇಟಿಗೆ (ಯುಸಿ) ಜಿಎಫ್‌ಆರ್ 12-ಎ ಅಂತ ಫಾರಂ ಉಂಟು, ಅದರಲ್ಲಿ ಸೈನ್ ಹಾಕುವವರಿಗೆ ನಾಳೆ ಆಡಿಟ್ಟಿನವರ ಮುಂದೆ ನಿಲ್ಲುವ ಹೆದರಿಕೆ ಇರುದಿಲ್ವಾ? ನಾನು ಹೇಳುದು ಇಷ್ಟೇ, ಲೆಕ್ಕ ಕೇಳುವ ಕ್ರಮ ಸಾಮಾನು ಕೊಳ್ಳುವವರಿಗೆ ಅಂತ ಮಾಡಿದ್ದು. ಸಾಮಾನಿಗೆ ಇನ್‌ವಾಯ್ಸ್ ಬರ್ತದೆ, ವಾರಂಟಿ ಬರ್ತದೆ, ಕಣ್ಣಿಗೆ ಕಾಣ್ತದೆ. ಕಲಿಕೆಗೆ ಖರ್ಚಾಗುದು ಜನರ ಹೊತ್ತಿಗೆ, ಓಡಾಟಕ್ಕೆ, ಒಡೆದುಹೋಗುವ ಪಿಪೆಟ್ಟಿಗೆ. ಆದಕಾರಣ ಬುದ್ಧಿ ಇರುವ ಟೀಚರ್ ಎಂಥ ಮಾಡ್ತಾರೆ, ಪ್ರಪೋಸಲ್ ಬರೆಯುವಾಗಲೇ ಸಾಮಾನು ಯಾವುದು ಅಂತ ಮೊದಲು ನೋಡಿ, ಅದಕ್ಕೆ ಹೊಂದುವ ಹಾಗೆ ಪಾಠ ಯೋಚನೆ ಮಾಡ್ತಾರೆ.

ಕ್ಯಾಲೆಂಡರಿನದ್ದು ಇದಕ್ಕಿಂತ ದೊಡ್ಡ ತಾಪತ್ರಯ. ಜನವರಿಯಲ್ಲಿ ಅರ್ಜಿ, ಫೆಬ್ರವರಿಯಲ್ಲಿ ಹಣ, ಮಾರ್ಚ್ 31ರ ಒಳಗೆ ಖರ್ಚು ಮಾಡಿ ಯುಸಿ ಕೊಡ್ಬೇಕು, ಉಳಿದದ್ದು ವಾಪಸ್. ಸುರಂಗದ ನಿಜವಾದ ಪರೀಕ್ಷೆ ಇರುದು ಎಪ್ರಿಲ್ ಮೇಯಲ್ಲಿ, ಅಜ್ಜ ಹೇಳಿದ ಹಾಗೆ ಪತ್ತನಾಜೆ ಹೊತ್ತಿಗೆ, ಅಂದ್ರೆ ಮೇ 24ರ ಆಸುಪಾಸು. ಮಳೆಗಾಲ ಹತ್ತಿರ ಬಂದು, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿನಲ್ಲಿ ಎಷ್ಟು ನೀರು ಬರ್ತದೆ ಅಂತ ಅಳೆದ್ರೆ ಮಾತ್ರ ಆ ಗುಡ್ಡೆ ಎಷ್ಟು ಮಳೆ ಹಿಡಿದಿಟ್ಟುಕೊಂಡಿತ್ತು, ಮೇಲಿನ ಕಾಡು ಕಡಿದು ರಬ್ಬರ್ ಹಾಕಿದಲ್ಲಿ ಎಂಥ ಆಗಿದೆ, ಪಕ್ಕದಲ್ಲಿ ಬೋರು ಕೊರೆದಲ್ಲಿ ಎಂಥ ಆಗಿದೆ ಅಂತ ಎಲ್ಲ ಕೇಳ್ಲಿಕ್ಕೆ ಆಗುದು. ನಮ್ಮ ರಿಪೋರ್ಟಿನಲ್ಲಿ ಫೆಬ್ರವರಿಯ ಅಳತೆ ಮಾತ್ರ ಉಂಟು. ಪ್ರಾಜೆಕ್ಟ್ ಯಶಸ್ವಿಯಾಗಿ ಮುಗಿದಿದೆ ಅಂತ ಸರ್ಟಿಫಿಕೇಟೂ ಉಂಟು.

ದುಡ್ಡು ಹೊತ್ತಿಗೆ ಕೊಟ್ಟದ್ದು ಉಂಟು

ಬೇರೆ ಥರ ಆಗ್ಲಿಕ್ಕೇ ಸಾಧ್ಯ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪುದಿಲ್ಲ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ ಹಳ್ಳಿ ಶಾಲೆಗಳ ವಿಜ್ಞಾನ ಪಾಠವನ್ನೇ ಬದಲಿಸುವ ಕೆಲಸ ಶುರುವಾಯ್ತು. ಕಿಶೋರ್ ಭಾರತಿ ಎಂಬ ಸಂಸ್ಥೆ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಸೇರಿ ಮಾಡಿದ್ದು, ಆಮೇಲೆ 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ಮುಂದುವರಿಸಿತು. ಮಕ್ಕಳು ತಾವೇ ಪ್ರಯೋಗ ಮಾಡಿ ಕಲಿಯುದು, ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡ್ಬಹುದು, ಪ್ರಯೋಗಕ್ಕೂ ಪರೀಕ್ಷೆ. ದೆಹಲಿ ವಿಶ್ವವಿದ್ಯಾಲಯದ ಮೇಷ್ಟ್ರುಗಳು ಅಲ್ಲಿಗೆ ಹೋಗಿ ಕೆಲಸ ಮಾಡಿದರು, ಅದಕ್ಕೆ ಯುಜಿಸಿ ಫೆಲೋಶಿಪ್ ಕೊಟ್ಟಿತ್ತು. ಯೋಚನೆ ಮಾಡಿ, ಯೂನಿವರ್ಸಿಟಿಯ ಟೀಚರಿಗೆ ಹಳ್ಳಿ ಶಾಲೆಯಲ್ಲಿ ಕೂತು ಪಾಠ ಕಟ್ಟು ಅಂತ ಹೊತ್ತು ಕೊಟ್ಟದ್ದು, ಮೆಷಿನ್ ಅಲ್ಲ. 2002ರಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಲ್ಲಿಸಿತು, ಮೂವತ್ತು ವರ್ಷ ನಡೆದ ಮೇಲೆ. ನನ್ನ ಜೊತೆ ಎಂಎಸ್ಸಿ ಓದಿದವ ಒಬ್ಬ ಈಗ ಅಮೆರಿಕದ ಒಂದು ಯೂನಿವರ್ಸಿಟಿಯಲ್ಲಿ ಇದ್ದಾನೆ. ಅವನ ಟೀಚಿಂಗ್ ಗ್ರಾಂಟಿನಲ್ಲಿ ದೊಡ್ಡ ಪಾಲು ಹೋಗುದು ಅವನ ಒಂದು ಕೋರ್ಸನ್ನು ಬೇರೆಯವರಿಗೆ ವಹಿಸಿ ಅವನಿಗೆ ಬಿಡುವು ಮಾಡಿಕೊಡ್ಲಿಕ್ಕೆ, ಮತ್ತೆ ಸಹಾಯಕ್ಕೆ ನಿಲ್ಲುವ ಮಕ್ಕಳ ಸಂಬಳಕ್ಕೆ. ಅವ ಹೇಳುವಾಗ ನನಗೆ ಹೊಟ್ಟೆಕಿಚ್ಚು ಆದದ್ದು ಮೊತ್ತ ಕೇಳಿ ಅಲ್ಲ, ಆ ಬಿಡುವು ಕೇಳಿ.

ನಮ್ಮಲ್ಲೂ ಎಲ್ಲವೂ ಕೆಟ್ಟದ್ದಲ್ಲ. ಕೇಂದ್ರದ ಬಯೋಟೆಕ್ನಾಲಜಿ ಇಲಾಖೆ (ಡಿಬಿಟಿ)ಯವರ ಸ್ಟಾರ್ ಕಾಲೇಜ್ ಸ್ಕೀಮ್ 2008ರಿಂದ ಉಂಟು, ಡಿಗ್ರಿ ಮಕ್ಕಳು ಕೈಯಾರೆ ಪ್ರಯೋಗ ಮಾಡ್ಬೇಕು ಅಂತಲೇ ಇರುವಂಥದ್ದು, ಅದರಲ್ಲಿ ಸಾಮಾನಿನ ಜೊತೆಗೆ ಕೆಮಿಕಲ್ಲು ಗಾಜು ಅಂತ ಮುಗಿದುಹೋಗುವ ವಸ್ತುಗಳಿಗೂ ದುಡ್ಡು ಸಿಗ್ತದೆ. ಲ್ಯಾಬು ನಡೆಸುವವರಿಗೆ ಗೊತ್ತು ಅದರ ಬೆಲೆ. ಮತ್ತೆ 2024ರಲ್ಲಿ ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಶುರುವಾದಾಗ ಸಿಲೆಬಸ್ಸಿನ ಶೇಕಡಾ 20ರಷ್ಟು ಭಾಗವನ್ನು ಟೀಚರೇ ಮಾಡಿಕೊಳ್ಳಬಹುದು ಅಂತ ಬಂತು. ಈ 20ರ ಬಗ್ಗೆ ಸ್ಟಾಫ್ ರೂಮಿನಲ್ಲಿ ಎಷ್ಟು ಗೊಣಗಾಟ ಆದ್ರೂ, ನಾನು ಅದನ್ನು ಗಟ್ಟಿ ಹಿಡ್ಕೊಂಡಿದ್ದೇನೆ. ಸುರಂಗ, ಮದಕ (ಕೆರೆ), ಬಾವಿ, ಬೋರು, ಪಯಸ್ವಿನಿ ಹೊಳೆಯ ನೀರು ಎಲ್ಲ ಈಗ ನನ್ನ ಮಾಡ್ಯೂಲಿನಲ್ಲಿ ಉಂಟು. ಸಿಲೆಬಸ್ಸಿನಲ್ಲಿ ಜಾಗ ಸಿಕ್ಕಿತು, ಜೀಪಿಗೆ ದುಡ್ಡು ಸಿಗ್ಲಿಲ್ಲ, ಅದು ಈಗ ಪೋಷಕರ ಸಂಘ ಪಿಟಿಎಯವರ ಕೈಯಿಂದ ಸ್ವಲ್ಪ, ನಮ್ಮ ಕೈಯಿಂದ ಸ್ವಲ್ಪ ಅಂತ ನಡೀತಾ ಉಂಟು.

ಗ್ರಾಂಟ್ ಕೊಡುವವರು ನನ್ನನ್ನು ಕೇಳಿದ್ರೆ (ಕೇಳುದಿಲ್ಲ ಅನ್ನಿ) ಮೊತ್ತ ಅರ್ಧ ಮಾಡಿದ್ರೂ ಅಡ್ಡಿಲ್ಲ ಅಂತೇನೆ. ಜೂನ್‌ನಲ್ಲಿ ಕೊಡಿ, ಮುಂದಿನ ಜೂನ್‌ನ ವರೆಗೆ ಇಟ್ಕೊಳ್ಳಿ ಅನ್ನಿ. ಹತ್ತು ಲಕ್ಷ ಒಬ್ಬರಿಗೆ ಕೊಡುವ ಬದಲು ಇಪ್ಪತ್ತೈದು ಸಾವಿರದ ಹಾಗೆ ನಲವತ್ತು ಜನಕ್ಕೆ ಕೊಡಿ, ಅದರಲ್ಲಿ ಹತ್ತು ಹಾಳಾಗ್ತದೆ ಅಂತಲೇ ಲೆಕ್ಕ ಹಾಕಿ. ಊರಿನವರಿಗೆ ಮಜೂರಿ ಕೊಡ್ಲಿಕ್ಕೆ ಒಂದು ಹೆಡ್ ಮಾಡಿ, ಕೈಬರಹದ ರಶೀದಿ ಸಾಕು ಅನ್ನಿ. ಮತ್ತೆ ರಿಪೋರ್ಟಿನ ಒಂದು ಪ್ರತಿ, ಅವರು ಓದುವ ಭಾಷೆಯಲ್ಲಿ, ನೀರು ಕೊಟ್ಟ ಮನೆಗೆ ಹೋಗಿದೆಯಾ ಅಂತ ಫಾರಂನಲ್ಲಿ ಒಂದು ಕಾಲಮ್ ಇಡಿ. ನಾವು ಅವತ್ತು ಯೂನಿವರ್ಸಿಟಿಗೆ ಕೊಟ್ಟದ್ದು ಇಂಗ್ಲಿಷಿನಲ್ಲಿ. ತೋಟದ ಮನೆಗೆ ಉಪ್ಪಳದ ಹುಡುಗಿ ಮತ್ತೆ ಅವಳ ಫ್ರೆಂಡು ಬಸ್ಸಿನಲ್ಲಿ ಹೋಗಿ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದದ್ದನ್ನು ಕೊಟ್ಟು ಬಂದರು. ಗಡಸುತನ ತುಂಬ ಕಮ್ಮಿ, ಬೇಳೆ ಬೇಗ ಬೇಯ್ತದೆ, ಪಾತ್ರೆಗೆ ಬಿಳಿ ಕಟ್ಟುದಿಲ್ಲ, ಸ್ವಲ್ಪ ಹುಳಿ ಉಂಟು, ಪಿಎಚ್ 6.5ಕ್ಕಿಂತ ಕೆಳಗೆ ಇದೆ. ಬೇಳೆ ಬೇಯುದು ನಮಗೆ ಮೊದಲೇ ಗೊತ್ತಿತ್ತು ಅಂದರಂತೆ ಮನೆಯ ಅಕ್ಕ, ಆದ್ರೆ ಹಾಳೆಯನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿ ಇಟ್ಟಿದ್ದಾರಂತೆ.

ಈ ವರ್ಷ ಮೇ ತಿಂಗಳಲ್ಲಿ ಪರೀಕ್ಷೆ ಇದ್ರೂ ಒಂದು ಬ್ಯಾಚು ಬರ್ತೇವೆ ಅಂದಿದೆ. ಮಂಜೇಶ್ವರ, ಪೈವಳಿಕೆ, ಬಾಯಾರು, ಬೆಳ್ಳೂರು ಕಡೆಯ ಟೀಚರುಗಳು ಯಾರಾದ್ರೂ ಇದನ್ನು ಓದ್ತಾ ಇದ್ರೆ, ನಿಮ್ಮ ಮನೆಯ ಅಥವಾ ಹತ್ತಿರದ ಸುರಂಗದ ನೀರು ಬಾಲ್ದಿ ತುಂಬ್ಲಿಕ್ಕೆ ಎಷ್ಟು ಸೆಕೆಂಡು ಬೇಕು ಅಂತ ಪತ್ತನಾಜೆಯ ವಾರ ಒಮ್ಮೆ ನೋಡಿ ಬರೆದಿಡಿ. ಬಾಲ್ದಿ ಎಷ್ಟು ಲೀಟರಿನದ್ದು ಅಂತಲೂ ಬರೀರಿ, ಅದನ್ನು ಬರೆಯದೆ ಕಳಿಸಿದ್ರೆ ನನಗೆ ಎಂಥ ಮಾಡ್ಲಿಕ್ಕೂ ಬರುದಿಲ್ಲ. ಇಡಿಟಿಎ ಬೇಕಿದ್ರೆ ಹೇಳಿ, ತೆಳು ಮಾಡಿದ್ದು ನಮ್ಮಲ್ಲಿ ಬೇಕಾದಷ್ಟು ಉಂಟು.